ಐದು ಮಾತ್ರೆಯ ಗೆಳೆಯ

ನಾನು ಒಂದು ತುಂತುಣಿ. ಗೀಗೀ ಪದ ಹಾಡುವ ಮೇಳದಲ್ಲಿ ಹಿಂದೆ ನಿಂತವನ ಕಂಕುಳಲ್ಲಿ ಇರುತ್ತದಲ್ಲ, ಅದೇ ನಾನು. ವೀಣೆಯನ್ನು ಕಂಡರೆ ಜನ ಕೈಮುಗಿಯುತ್ತಾರೆ. ನನ್ನನ್ನು ಕಂಡರೆ, "ಇದಕ್ಕೆ ಒಂದೇ ತಂತಿಯೇನು?" ಎಂದು ಕೇಳುತ್ತಾರೆ. ಹೌದು ಸ್ವಾಮಿ, ಒಂದೇ ತಂತಿ, ಒಂದೇ ದನಿ. ಹುಟ್ಟಿದಾಗಿನಿಂದ ಹೇಳಿದ್ದನ್ನೇ ಹೇಳುತ್ತ ಬಂದವನು ನಾನು. ಇವತ್ತು ಹೇಳುವುದನ್ನು ಮಾತ್ರ ಮೊದಲ ಸಲ ಹೇಳುತ್ತಿದ್ದೇನೆ.

ನನ್ನನ್ನು ಮಾಡಿದವನು ನೇಕಾರರ ದುಂಡಪ್ಪ. ಬಡಿಗೇರ ಕಲ್ಲಪ್ಪನ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಬೇವಿನ ಕೊರಡನ್ನು ಕೊರೆಸಿ, ಸೇರಿನಷ್ಟು ಗಾತ್ರದ ಹೊಟ್ಟೆ ಮಾಡಿಸಿದ. ತಳಕ್ಕೆ ಆಡಿನ ತೊಗಲು ಬಿಗಿದ. ತನ್ನ ಅಪ್ಪನ ಮುರಿದ ಮಗ್ಗದಿಂದ ಕಳಚಿದ ಒಂದು ಕೋಲನ್ನು ಪಕ್ಕಕ್ಕೆ ಜಡಿದ. ತಂತಿ ಮಾತ್ರ ಎಲ್ಲೂ ಸಿಗಲಿಲ್ಲ. ಆಗ ಅವನ ಗೆಳೆಯ ಭರಮಪ್ಪ ತನ್ನ ಸೈಕಲ್ಲಿನ ಬ್ರೇಕಿನ ತಂತಿಯನ್ನೇ ಬಿಚ್ಚಿ, ಅದರಲ್ಲಿ ಒಂದು ಎಳೆ ತೆಗೆದುಕೊಟ್ಟ. ಆಮೇಲೆ ತಿಂಗಳುಗಟ್ಟಲೆ ಬ್ರೇಕಿಲ್ಲದ ಸೈಕಲ್ಲು ಓಡಿಸಿ, ಒಂದು ದಿನ ಗಟಾರದಲ್ಲಿ ಬಿದ್ದು ಮೊಣಕಾಲು ತರಚಿಕೊಂಡ. ಹಾಗಾಗಿ ನನ್ನ ಮೈಯಲ್ಲಿ ಇಬ್ಬರೂ ಇದ್ದರು. ಆಗಿನ ದಿನಗಳಲ್ಲಿ ಅದು ನನಗೆ ದೊಡ್ಡ ಹೆಮ್ಮೆ.

ಘಟಪ್ರಭೆಯ ದಂಡೆಯ ಊರು ಅದು. ದುಂಡಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಭರಮಪ್ಪ ನೂಲಿಗೆ ಬಣ್ಣ ಅದ್ದುತ್ತಿದ್ದ. ಅವನ ಕೈ ಒಂದು ದಿನ ಕೆಂಪು, ಒಂದು ದಿನ ನೀಲಿ. ಪದ ಕಟ್ಟುವವನು ಭರಮಪ್ಪ. ಅವನ ಬಾಯಲ್ಲಿ ಮಾತು ಉಕ್ಕುತ್ತಿತ್ತು, ಆದರೆ ಅಳತೆ ಇರಲಿಲ್ಲ. ಅಳತೆ ದುಂಡಪ್ಪನದು. ಓದು ಬರಹ ಅವನಿಗೆ ಅಷ್ಟಕ್ಕಷ್ಟೇ, ಆದರೂ ನೇಯ್ದ ಎಳೆಯನ್ನು ಒತ್ತಿ ಕೂರಿಸುವ ಮಗ್ಗದ ಹಣಿಗೆಯನ್ನು ಬಡಿಯುತ್ತ ಬಡಿಯುತ್ತ ಪದದ ಪೆಟ್ಟನ್ನು ಎಣಿಸುತ್ತಿದ್ದ. ಒಂದು ಪೆಟ್ಟು ಹೆಚ್ಚಾದರೂ ಲಾಳಿ ನಿಲ್ಲಿಸಿ, "ಕಾಲು ಕುಂಟತೈತಿ ನೋಡಲೇ" ಎನ್ನುತ್ತಿದ್ದ. ಪಂಡಿತರು ಇದನ್ನೇ ಮಾತ್ರೆ ಎನ್ನುತ್ತಾರಂತೆ. ದುಂಡಪ್ಪನಿಗೆ ಅದು ಬರೀ ಪೆಟ್ಟು.

ಒಂದು ಮಧ್ಯಾಹ್ನ ಭರಮಪ್ಪ ಓಡುತ್ತ ಬಂದು ಮಗ್ಗದ ಕುಣಿಯ ಅಂಚಿನಲ್ಲಿ ಕುಳಿತ. ಗೆಳೆತನದ ಮೇಲೆ ಒಂದು ಪದ ಹೊಳೆದಿತ್ತು. ಮೂರು ಸಾಲು ಆಗಿತ್ತು, ನಾಲ್ಕನೆಯದು ಕೂಡುತ್ತಿರಲಿಲ್ಲ.

ಉಂಡ ತಾಟು ಒಂದ ನಮದ
ಕಂಡ ಕನಸು ಒಂದ ನಮದ
ದಂಡಿ ಹೊಳಿಯ ನೀರು ಒಂದ

"ಮುಂದ 'ಜೀವದ ಗೆಳೆಯ ನೀನು' ಅಂದ್ರ ಹೆಂಗ?" ಎಂದ ಭರಮಪ್ಪ.

ದುಂಡಪ್ಪ ಹಣಿಗೆ ಬಡಿದು ನೋಡಿದ. "ಕೂಡೂದಿಲ್ಲ. ಪೆಟ್ಟು ಎರಡು ಕಡಿಮಿ ಬೀಳತಾವು. ಮ್ಯಾಲಿನ ಸಾಲೆಲ್ಲಾ 'ಂಡ' ಹಿಡದು ಬಂದಾವು, ಇದೊಂದು ಬಿಟ್ಟು ನಿಂತೈತಿ."

ಭರಮಪ್ಪ ನೀಲಿ ಬೆರಳಿನಿಂದ ತಲೆ ಕೆರೆದುಕೊಂಡ. ಆಮೇಲೆ ಒಮ್ಮೆಗೇ ಮುಖ ಅರಳಿಸಿ, ತೊಡೆಯ ಮೇಲೆ ತಾಳ ಹಾಕಿ ಹಾಡಿದ: "ದುಂಡಪ್ಪ ನನ್ನ ಗೆಳೆಯಾ!"

ಹಣಿಗೆ ಎಲ್ಲೂ ಎಡವಲಿಲ್ಲ. ಹೆಸರಿಗೆ ಐದು ಮಾತ್ರೆ, 'ನನ್ನ' ಮೂರು, 'ಗೆಳೆಯಾ' ನಾಲ್ಕು. ಪ್ರಾಸವೂ ತಾನಾಗಿಯೇ ಬಂದು ಕೂತಿತು. "ನಿನ್ನ ಹೆಸರ ಈ ಜಾಗಾಕ್ಕಂತನ ಹುಟ್ಟೈತಲೇ ಮಗನ!" ಎಂದು ಭರಮಪ್ಪ ಅವನ ಬೆನ್ನಿಗೆ ಗುದ್ದಿದ. ದುಂಡಪ್ಪನ ಅಂಗಿಯ ಮೇಲೆ ನೀಲಿ ಗುರುತು ಮೂಡಿತು. ಅವನ ಹೆಂಡತಿ ನೀಲವ್ವ ಎಷ್ಟು ಒಗೆದರೂ ಅದು ಹೋಗಲಿಲ್ಲ.

ಭರಮಪ್ಪ ಅವತ್ತು ದುಂಡಪ್ಪನನ್ನು ಗೆಳೆಯಾ ಎಂದು ಕರೆದದ್ದು ಪ್ರೀತಿಗೋ, ಪ್ರಾಸಕ್ಕೋ? ಆಗ ನನಗೆ ಈ ಪ್ರಶ್ನೆ ಬರಲಿಲ್ಲ. ಬಂದದ್ದು ಬಹಳ ತಡವಾಗಿ.

ಗೀಗೀ ಮೇಳದ ಕಟ್ಟಳೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮುಂದೆ ನಿಂತವನು ದಪ್ಪು ಬಾರಿಸುತ್ತ ಪದ ಹೇಳುತ್ತಾನೆ. ಹಿಂದೆ ನಿಂತವನು ತುಂತುಣಿ ನುಡಿಸುತ್ತ, ಪ್ರತಿ ನುಡಿಯ ಕೊನೆಯ ಸಾಲನ್ನು ಎತ್ತಿಕೊಂಡು ಮತ್ತೆ ಹೇಳುತ್ತಾನೆ. ಮುಂದಿನವನು ಏನು ಹೇಳಿದನೋ ಅದನ್ನೇ ಹೇಳಬೇಕು. ಅಕ್ಷರ ಬದಲಿಸುವಂತಿಲ್ಲ, ಯಾಕೆಂದು ಕೇಳುವಂತಿಲ್ಲ. ಹಿಮ್ಮೇಳದವನು ಎದುರುತ್ತರ ಕೊಟ್ಟ ಮೇಳ ಮೂರು ದಿನ ಬಾಳುವುದಿಲ್ಲ ಎಂಬುದು ಅವರ ನಂಬಿಕೆ.

ಹೀಗಾಗಿ ಪದದ ಹನ್ನೊಂದು ನುಡಿಗಳಲ್ಲೂ ದುಂಡಪ್ಪ ತನ್ನ ಹೆಸರನ್ನು ತಾನೇ ಕೂಗಬೇಕಾಯಿತು. ಮೊದಮೊದಲು ಅವನಿಗೆ ನಾಚಿಕೆಯೋ ನಾಚಿಕೆ. "ತನಗ ತಾನ ಗೆಳೆಯಾ ಅನ್ನಾಂವ ಬಂದ" ಎಂದು ಓಣಿಯ ಹೆಂಗಸರು ಕಿಚಾಯಿಸುತ್ತಿದ್ದರು. ಆದರೆ ನನ್ನ ಹೊಟ್ಟೆ ಅವನ ಪಕ್ಕೆಲುಬಿಗೆ ಒತ್ತಿಕೊಂಡೇ ಇರುತ್ತಿತ್ತು, ಒಳಗಿನದು ನನಗೆ ತಿಳಿಯುತ್ತಿತ್ತು. ಭರಮಪ್ಪ ಆ ಸಾಲಿಗೆ ಬಂದಾಗಲೆಲ್ಲ ದುಂಡಪ್ಪನ ಎದೆ ಒಂದು ಪೆಟ್ಟು ಮುಂದೆ ಹೋಗುತ್ತಿತ್ತು. ತಾಳ ತಪ್ಪದ ಮನುಷ್ಯ ಅವನು. ತಪ್ಪುತ್ತಿದ್ದುದು ಅಲ್ಲಿ ಮಾತ್ರ, ಅದೂ ಎದೆಯೊಳಗೆ.

ಜನ "ಒನ್ಸ್ ಮೋರ್" ಎಂದು ಕೂಗುತ್ತಿದ್ದರು. ಸುತ್ತಲಿನ ಹತ್ತೂರಲ್ಲಿ ದುಂಡಪ್ಪ ಸಂತೆಗೆ ಹೋದರೆ, ಗುರುತಿಲ್ಲದವರೂ ಆ ಸಾಲನ್ನು ಹಾಡಿ ಮಾತಾಡಿಸುತ್ತಿದ್ದರು. ಹೊಸ ಅಂಗಿ ಕೊಳ್ಳುವ ಗತಿಯಿಲ್ಲದ ನೇಕಾರನಿಗೆ ತೊಡಲು ಒಂದು ಹಾಡು ಸಿಕ್ಕಿತ್ತು. ಆರು ವರ್ಷ ಅವನು ಅದನ್ನು ತೊಟ್ಟುಕೊಂಡು ತಿರುಗಿದ.

ಏಳನೆಯ ವರ್ಷ ಪುಂಡಲಿಕ ಸಾವಕಾರರು ಊರಿಗೆ ಮೊದಲ ವಿದ್ಯುತ್ ಮಗ್ಗಗಳನ್ನು ತಂದರು. ಅವುಗಳಿಗಾಗಿ ಕಟ್ಟಿಸಿದ ಹೊಸ ಶೆಡ್ಡಿನ ಪೂಜೆಗೆ ನಮ್ಮ ಮೇಳದ ಪದ. ಮಧ್ಯಾಹ್ನ ಊಟವಾದ ಮೇಲೆ ಚಪ್ಪರದಲ್ಲಿ ಹಾಡು ಶುರುವಾಯಿತು. ಸಾವಕಾರರು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಕೆಟ್ಟ ಮನುಷ್ಯರೇನಲ್ಲ. ಹಾಡು ಕೇಳಿದರೆ ನಿಜವಾಗಿಯೂ ತಲೆದೂಗುವವರು. ಭರಮಪ್ಪ ಮೊದಲ ನುಡಿ ಎತ್ತಿದ. ಉಂಡ ತಾಟು ಬಂತು, ಕಂಡ ಕನಸು ಬಂತು, ದಂಡಿ ಹೊಳಿ ಬಂತು. ಆಮೇಲೆ ಅವನು ಸಾವಕಾರರ ಕಡೆ ಕೈ ಚಾಚಿ ಹಾಡಿದ:

"ಪುಂಡಲಿಕ ನನ್ನ ಗೆಳೆಯಾ!"

ಚಪ್ಪಾಳೆಯೋ ಚಪ್ಪಾಳೆ. ದುಂಡಪ್ಪನಿಗೆ ಯೋಚಿಸಲು ಎಲ್ಲಿದೆ ಹೊತ್ತು? ಹಿಮ್ಮೇಳದವನಿಗೆ ಸಿಗುವುದು ಒಂದು ಉಸಿರಿನಷ್ಟು ಬಿಡುವು. ಅವನ ಬಾಯಿ ತೆರೆಯಿತು, ಮುಂದಿನವನು ಹೇಳಿದ್ದನ್ನೇ ಹೇಳಿತು. "ಪುಂಡಲಿಕ ನನ್ನ ಗೆಳೆಯಾ." ನನ್ನ ತಂತಿ ಎಂದಿನಂತೆ ತುಂಯ್ ತುಂಯ್ ಎಂದಿತು. ನಾನು ಅದೇ ಕ್ಷಣ ಎಣಿಸಿದೆ. ಪುಂಡಲಿಕ, ಐದು ಮಾತ್ರೆ. ಪ್ರಾಸದ 'ಂಡ' ಇದ್ದಲ್ಲೇ ಇತ್ತು. ಒಬ್ಬ ಮನುಷ್ಯನನ್ನು ಕಿತ್ತು ಇನ್ನೊಬ್ಬನನ್ನು ಕೂರಿಸಿದರೂ ಪದಕ್ಕೆ ಏನೂ ಆಗಲಿಲ್ಲ. ಎಲ್ಲಾದರೂ ಒಂದು ಮಾತ್ರೆ ಎಡವಿದ್ದರೆ, ಹಾಡು ಒಂದಿಷ್ಟು ಕುಂಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅದು ಕುಂಟಲಿಲ್ಲ. ಆವತ್ತಿನಿಂದ ನನಗೆ ಪ್ರಾಸವೆಂದರೆ ಮೈಯುರಿ.

ಮುಗಿದ ಮೇಲೆ ಚಪ್ಪರದ ಹಿಂದೆ ದುಂಡಪ್ಪ ಕೇಳಿದ, "ಭರಮಾ, ನನ್ನ ಹೆಸರ ಎಲ್ಲಿ ಹೋತು?"

"ಏ, ಒಂದ ದಿನದ ಮಾತಲೇ. ಸಾವಕಾರ ಎಷ್ಟ ಖುಷಿಯಾದ ನೋಡಿದಿಲ್ಲ? ಓಡಾಡಾಕ ಜೀಪ ಕೊಡತೀನಿ ಅಂದಾನ. ತಾಳ ತಪ್ಪಿತೇನು? ಇಲ್ಲ. ಪ್ರಾಸ ಕೆಟ್ಟಿತೇನು? ಇಲ್ಲ. ಮತ್ಯಾಕ ಮಾರಿ ಸಣ್ಣ ಮಾಡತಿ?"

ತಾಳ ತಪ್ಪಿರಲಿಲ್ಲವಲ್ಲ, ಅದೇ ದುಂಡಪ್ಪನ ಬಾಯಿ ಕಟ್ಟಿತು. ಜೀವಮಾನವಿಡೀ ಅವನು ಪದವನ್ನು ತೂಗಿದ್ದು ಪೆಟ್ಟಿನ ತಕ್ಕಡಿಯಲ್ಲಿ. ಆ ತಕ್ಕಡಿಯಲ್ಲಿ ಅವನೂ ಸಾವಕಾರರೂ ಸರಿಸಮ ನಿಂತರು.

ಜೀಪು ಬಂತು. ಭರಮಪ್ಪ ಮುಂದೆ ಕೂತ, ದುಂಡಪ್ಪ ನನ್ನನ್ನೂ ದಪ್ಪನ್ನೂ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತ. ದೂರದೂರದ ಊರುಗಳಿಗೆ ಪದ ಹೋಯಿತು, ಸಾವಕಾರರ ಹೆಸರು ಹೊತ್ತುಕೊಂಡೇ ಹೋಯಿತು. ಹೊಸ ಊರಿನವರಿಗೆ ಹಳೆಯ ಸಾಲು ಗೊತ್ತೇ ಇರಲಿಲ್ಲ. "ಮುಂದಿನ ವರ್ಷ ನಿನ್ನ ಹೆಸರ ಹಾಕೂಣು" ಎಂದು ಭರಮಪ್ಪ ಒಮ್ಮೆ ಹೇಳಿದ. ಆಮೇಲೆ ಇನ್ನೊಮ್ಮೆ ಹೇಳಿದ. ಆಮೇಲೆ ಹೇಳುವುದನ್ನೂ ಬಿಟ್ಟ. ಅಷ್ಟರಲ್ಲಿ ದುಂಡಪ್ಪನ ಮಗ್ಗದ ಕುಣಿ ಮುಚ್ಚಿಹೋಗಿತ್ತು, ಅವನು ಸಾವಕಾರರ ಶೆಡ್ಡಿನಲ್ಲೇ ಕೆಲಸಕ್ಕೆ ಸೇರಿದ್ದ. ಅಲ್ಲಿಯ ಮಗ್ಗಗಳ ಗದ್ದಲದಲ್ಲಿ ಪೆಟ್ಟು ಎಣಿಸಲು ಬರುತ್ತಿರಲಿಲ್ಲ.

"ನೀವರ ಬಾಯಿಬಿಟ್ಟು ಕೇಳ್ರಿ" ಎಂದು ನೀಲವ್ವ ಎಷ್ಟೋ ಸಲ ಹೇಳಿದಳು. "ಹೆಸರ ಕೊಟ್ಟಾಂವಂಗ ಕಸಗೊಳ್ಳಾಕ ಏನ ಹಕ್ಕ ಐತಿ? ಅದೇನ ಅವನ ಸೈಕಲ್ಲ?"

"ಮುಂದ ನಿಂತಾಂವ ಹೇಳಿದ್ದನ್ನ ಹೇಳೂದು ನನ್ನ ಕೆಲಸ" ಎನ್ನುತ್ತಿದ್ದ ದುಂಡಪ್ಪ.

"ಹಂಗಾರ ಮೇಳಾ ಬಿಡ್ರಿ."

"ಬಿಟ್ಟರ ಅಂವಂಗ ಪೆಟ್ಟ ಹಿಡಿಯಾವರ ಯಾರು?"

ಈ ಮಾತು ಕೇಳಿ ನನಗೆ ಸಿಟ್ಟು ಬರುತ್ತಿತ್ತು. ಇಂಥ ನಿಯತ್ತನ್ನು ಹೊಗಳಿ ಪದ ಕಟ್ಟುತ್ತಾರೆ, ಇಂಥವನ ಹೆಸರನ್ನೇ ಅದರಿಂದ ಕಿತ್ತುಹಾಕುತ್ತಾರೆ. ಹನ್ನೊಂದು ನುಡಿ, ಇಪ್ಪತ್ತೆಂಟು ವರ್ಷ. ತನ್ನ ಜಾಗದಲ್ಲಿ ಕೂತವನನ್ನು ತಾನೇ ಗೆಳೆಯಾ ಎಂದು ಕೂಗುತ್ತ ದುಂಡಪ್ಪನ ಕೂದಲು ಬೆಳ್ಳಗಾಯಿತು. ಆ ಸಾಲು ಬಂದಾಗ ಮುಂದೆ ಓಡುತ್ತಿದ್ದ ಅವನ ಎದೆ ಈಗ ಸರಿಯಾದ ತಾಳಕ್ಕೇ ಬಡಿಯುತ್ತಿತ್ತು.

ಸಾವಕಾರರು ತೀರಿಕೊಂಡರು. ಜೀಪು ಗುಜರಿಗೆ ಹೋಯಿತು. ಕರೆಯುವವರು ಕಡಿಮೆಯಾದರು. ಆಗ ಜಾನಪದ ಸಂಗ್ರಹ ಮಾಡುವ ಒಂದು ಕೇಂದ್ರದಿಂದ ಮಧುಮತಿ ಎಂಬ ಹೆಣ್ಣುಮಗಳು ಬಂದಳು. ಪದವನ್ನು ಧ್ವನಿಮುದ್ರಿಸಿ ಶಾಶ್ವತವಾಗಿ ಇಡುತ್ತೇವೆ ಎಂದಳು. "ಮೊದಲು ಕಟ್ಟಿದಾಗ ಹೇಗಿತ್ತೋ ಹಾಗೇ ಹಾಡಿ ಅಜ್ಜ" ಎಂದು ಕೇಳಿಕೊಂಡಳು.

ಅವಳು ಹೋದ ಮೇಲೆ ಭರಮಪ್ಪ ಗೆಳೆಯನ ಕೈ ಹಿಡಿದುಕೊಂಡ. ಬಣ್ಣದ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಉಗುರಿನ ಸಂದಿಯಲ್ಲಿ ನೀಲಿ ಉಳಿದಿತ್ತು. "ದುಂಡ್ಯಾ, ಈಗ ಸಾವಕಾರನೂ ಇಲ್ಲ, ಯಾರ ಹಂಗೂ ಇಲ್ಲ. ಇದು ಕಡೀ ಸಲ. ನಿನ್ನ ಹೆಸರಿಲೇ ಹಾಡತೀನಿ. ನನ್ನ ಆಣಿ." ಅವನ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ ಅದು. ಆ ರಾತ್ರಿಯಿಂದ ದುಂಡಪ್ಪ ಚಿಕ್ಕ ಮಗುವಿನಂತಾದ. ನನಗೆ ಹೊಸ ತೊಗಲು ಹಾಕಿಸಿದ, ಕೋಲಿಗೆ ಎಣ್ಣೆ ಸವರಿದ. ನೀಲವ್ವನಿಗೆ, "ನೀನೂ ಬಾ, ಕೇಳೀವಂತಿ" ಎಂದ.

ಸಾಲೆಗೆ ರಜೆಯಿದ್ದ ದಿನ ಒಂದು ಕೋಣೆಯಲ್ಲಿ ಎಲ್ಲ ಅಣಿಯಾಯಿತು. ಹೊರಗಿನ ಸದ್ದು ಬರದಂತೆ ಕಿಟಕಿಗಳಿಗೆ ಕೌದಿ ಕಟ್ಟಿದರು, ಫ್ಯಾನು ನಿಲ್ಲಿಸಿದರು. ಬಳೆ ಸದ್ದಾದೀತೆಂದು ನೀಲವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂಲೆಯಲ್ಲಿ ಕುಳಿತಳು. ಮಧುಮತಿ ಕೈ ಎತ್ತಿ ಸನ್ನೆ ಮಾಡಿದಳು. ಭರಮಪ್ಪ ದಪ್ಪಿಗೆ ಪೆಟ್ಟು ಕೊಟ್ಟು, ಕಣ್ಣು ಮುಚ್ಚಿ ಎತ್ತಿಕೊಂಡ. ಮೂರು ಸಾಲು ಬಂದವು. ದುಂಡಪ್ಪನ ಎದೆ, ಎಷ್ಟೋ ವರ್ಷಗಳ ಮೇಲೆ, ಒಂದು ಪೆಟ್ಟು ಮುಂದೆ ಓಡಿತು.

"ಪುಂಡಲಿಕ ನನ್ನ ಗೆಳೆಯಾ" ಎಂದು ಹಾಡಿದ ಭರಮಪ್ಪ.

ಬೇಕೆಂದು ಹಾಡಲಿಲ್ಲ. ಅವನ ಮುಖದಲ್ಲಿ ಕಪಟವಿರಲಿಲ್ಲ, ಸಂಕೋಚವೂ ಇರಲಿಲ್ಲ. ನಾಲಿಗೆಗೆ ಆ ದಾರಿಯಷ್ಟೇ ಗೊತ್ತಿತ್ತು. ಆಸೆಗೆ ಬಿದ್ದು ಹಾಡಿದ್ದರೆ ಬೈಯಬಹುದಿತ್ತು. ಹೇಳಿದ್ದನ್ನೇ ಹೇಳಿ ಹೇಳಿ ಅವನು ಗೆಳೆಯನನ್ನು ಮರೆತೇಬಿಟ್ಟಿದ್ದ, ಅದೂ ಗೆಳೆತನದ ಪದ ಹಾಡುತ್ತಲೇ!

ದುಂಡಪ್ಪ ಎತ್ತಿಕೊಂಡ. ಕಟ್ಟಳೆ ಎಂದರೆ ಕಟ್ಟಳೆ. "ಪುಂಡಲಿಕ ನನ್ನ ಗೆಳೆಯಾ." ಎರಡನೆಯ ನುಡಿಯಲ್ಲಿ ನೆನಪಾದೀತು ಎಂದು ಕಾದ. ಮೂರನೆಯದರಲ್ಲಿ ನನ್ನ ತಂತಿಯನ್ನು ಐದು ಪೆಟ್ಟಿಗೂ ಜೋರಾಗಿ ಮೀಟಿ ಎಚ್ಚರಿಸಿದ. ಭರಮಪ್ಪ ಅದನ್ನು ಹುರುಪು ಎಂದುಕೊಂಡು ಇನ್ನಷ್ಟು ದನಿ ಏರಿಸಿದ. ಆರು, ಏಳು, ಎಂಟು. ಹೊಸ ತೊಗಲು ಜಗ್ಗಿ ನನ್ನ ದನಿ ನುಡಿನುಡಿಗೂ ಇಳಿಯುತ್ತಿತ್ತು. ನಿಲ್ಲಿಸಿ ನನ್ನ ಕಿವಿ ಹಿಂಡಿ ತಂತಿ ಬಿಗಿಸಲು ಅಲ್ಲಿ ಬಿಡುವಿರಲಿಲ್ಲ. ಹತ್ತು ಮುಗಿಯಿತು. ಹನ್ನೊಂದನೆಯ ನುಡಿಯ ಕೊನೆಗೆ ಭರಮಪ್ಪ ಮತ್ತೆ ಅದನ್ನೇ ಹಾಡಿ, ಹಿಂದಿನವನಿಗೆ ಬಿಟ್ಟುಕೊಟ್ಟ.

ದುಂಡಪ್ಪ ಉಸಿರು ಎಳೆದುಕೊಂಡ. ಆ ಉಸಿರಿನಲ್ಲಿ ಅವನ ಸ್ವಂತ ಹೆಸರು ಗಂಟಲವರೆಗೆ ಬಂದದ್ದು ನನಗೆ ತಿಳಿಯಿತು. ಆದರೆ ಮುಂದಿನವನು ಹೇಳದ್ದನ್ನು ಹೇಳುವ ಹಕ್ಕು ಅವನಿಗಿಲ್ಲ. ಅವನಿಗಿದ್ದದ್ದು ಒಂದೇ ಹಕ್ಕು. ಅವನು ಬಾಯಿ ಮುಚ್ಚಿದ.

ಬೆರಳು ಮಾತ್ರ ನಿಲ್ಲಲಿಲ್ಲ. ಹನ್ನೆರಡು ಮಾತ್ರೆ, ಒಂದೂ ತಪ್ಪದಂತೆ ನನ್ನ ತಂತಿ ನುಡಿಯಿತು. ಅದರ ಮೇಲೆ ದನಿ ಇರಲಿಲ್ಲ. ಭರಮಪ್ಪ ಕಣ್ಣು ತೆರೆದು ಹಿಂದೆ ತಿರುಗಿ ನೋಡಿದ. ಮೂಲೆಯಲ್ಲಿ ನೀಲವ್ವನ ಬಳೆ ಒಮ್ಮೆ ಸದ್ದು ಮಾಡಿತು. ಕೊನೆಗೆ ಭರಮಪ್ಪನೇ ದಪ್ಪು ಬಾರಿಸಿ ಪದ ಮುಗಿಸಿದ.

"ಯಾಕಲೇ ದುಂಡ್ಯಾ, ದಮ್ಮ ಹತ್ತಿತೇನು?" ಎಂದು ಕೇಳಿದ ಅವನು. ನಿಜವಾದ ಕಾಳಜಿಯಿಂದಲೇ ಕೇಳಿದ. ನೀರಿನ ತಂಬಿಗೆಯನ್ನೂ ಮುಂದೆ ಹಿಡಿದ.

"ಹೂಂ. ದಮ್ಮ ಹತ್ತಿತು" ಎಂದ ದುಂಡಪ್ಪ. ನೀರು ಕುಡಿದ. ನನ್ನನ್ನು ಚೀಲಕ್ಕೆ ಹಾಕಿ ದಾರ ಬಿಗಿದ. ಮತ್ತೆ ಅವನು ನನ್ನನ್ನು ನುಡಿಸಲಿಲ್ಲ.

ಮುಂದಿನ ಬೇಸಿಗೆಗೆ ದುಂಡಪ್ಪ ಸತ್ತ. ನಾನು ಗೋಡೆಯ ಗೂಟದಲ್ಲಿ ನೇತಾಡುತ್ತಿದ್ದೆ. ಭರಮಪ್ಪ ಕೋಲೂರಿಕೊಂಡು ಬಂದ, ಗೆಳೆಯನ ಕಾಲ ಬಳಿ ಕುಸಿದು ಕೂತ, ಎದೆ ಎದೆ ಬಡಿದುಕೊಂಡು ಅತ್ತ. ಅಳುತ್ತಳುತ್ತ ಅವನ ಬಾಯಿಂದ ತಾನಾಗಿಯೇ ಬಂತು: "ದುಂಡಪ್ಪ ನನ್ನ ಗೆಳೆಯಾ... ದುಂಡಪ್ಪ ನನ್ನ ಗೆಳೆಯಾ..." ಮಾತ್ರೆ ಸರಿಯಾಗಿತ್ತು. ಮರಳಿ ಹೇಳುವವನು ಮಾತ್ರ ಕಣ್ಣು ಮುಚ್ಚಿ ಮಲಗಿದ್ದ. ಆಗ ನನಗೆ ಆ ತಡವಾದ ಪ್ರಶ್ನೆ ಬಂತು, ಉತ್ತರವೂ ಜೊತೆಗೇ ಬಂತು. ಭರಮಪ್ಪ ಅವನನ್ನು ಕರೆದದ್ದು ಪ್ರೀತಿಗೇ. ಪ್ರಾಸಕ್ಕೆ ಕರೆದಿದ್ದನೆಂದು ತಿಳಿದಿದ್ದರೆ ನನಗೆ ಇಷ್ಟು ಕಹಿಯಾಗುತ್ತಿರಲಿಲ್ಲ. ನೀಲವ್ವ ಅಳು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. "ಇಷ್ಟ ಚಂದ ಬರತೈತಲ್ಲೋ ಅಣ್ಣಾ ನಿನಗ" ಎಂದಳು. ಅವನು ಅದನ್ನೂ ಹೊಗಳಿಕೆ ಎಂದುಕೊಂಡ.

ಆಮೇಲೆ ಮಧುಮತಿ ಬಂದು ನನ್ನನ್ನು ಕೇಳಿ ಪಡೆದಳು. ಈಗ ನಾನು ಕೇಂದ್ರದ ಒಂದು ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಕೋಲು ಬಾಗದಿರಲಿ ಎಂದು ತಂತಿ ಸಡಿಲಿಸಿದ್ದಾರೆ, ಹಾಗಾಗಿ ದನಿಯಿಲ್ಲ. ಪಕ್ಕದ ಚೀಟಿಯಲ್ಲಿ 'ತುಂತುಣಿ. ಭರಮಪ್ಪನವರ ಮೇಳದ್ದು' ಎಂದು ಬರೆದಿದೆ. ಕೆಳಗೆ ಒಂದು ಗುಂಡಿ. ಒತ್ತಿದರೆ ಪದ ಬರುತ್ತದೆ.

ಹೋದ ತಿಂಗಳು ನೀಲವ್ವ ಬಂದಿದ್ದಳು. ಮಧುಮತಿ ಅವಳನ್ನು ಕೈಹಿಡಿದು ಕರೆತಂದು, ಕುರ್ಚಿ ಹಾಕಿ ಕೂರಿಸಿ ಗುಂಡಿ ಒತ್ತಿದಳು. ನೀಲವ್ವ ಹತ್ತು ನುಡಿ ತಲೆ ತಗ್ಗಿಸಿಕೊಂಡು ಕೇಳಿದಳು. ಹನ್ನೊಂದನೆಯದಕ್ಕೆ ತಲೆ ಎತ್ತಿದಳು. ಅವಳು ಬಂದದ್ದು ಅದನ್ನು ಕೇಳಲಿಕ್ಕೇ. ಗಂಡ ಬಾಯಿ ಮುಚ್ಚಿಕೊಂಡ ಆ ಹನ್ನೆರಡು ಮಾತ್ರೆಗಳನ್ನು ಕೇಳಲಿಕ್ಕೆ.

"ಪುಂಡಲಿಕ ನನ್ನ ಗೆಳೆಯಾ" ಎಂದಿತು ದುಂಡಪ್ಪನ ದನಿ, ಸ್ಪಷ್ಟವಾಗಿ.

ನೀಲವ್ವ ಬೆಚ್ಚಿಬಿದ್ದಳು. ಮಧುಮತಿ ನಗುತ್ತ ಅವಳ ಭುಜ ಮುಟ್ಟಿದಳು. "ಅಜ್ಜನಿಗೆ ಅಲ್ಲಿ ದಮ್ಮು ಹತ್ತಿ ಒಂದು ಸಾಲು ಬಿಟ್ಟುಹೋಗಿತ್ತಲ್ಲ ಅಜ್ಜಿ, ನಾವು ಅದನ್ನು ಸರಿ ಮಾಡಿದ್ದೀವಿ. ಮೊದಲ ನುಡಿಯಲ್ಲಿ ಅವರೇ ಹಾಡಿದ್ದನ್ನ ತೆಗೆದು ಇಲ್ಲಿ ಕೂಡಿಸಿದ್ವಿ. ಗೊತ್ತೇ ಆಗಲ್ಲ ಅಲ್ವಾ?"

ನನಗೆ ಗೊತ್ತಾಗುತ್ತದೆ. ಹನ್ನೊಂದನೆಯ ನುಡಿಯ ಹೊತ್ತಿಗೆ ನನ್ನ ದನಿ ಇಳಿದಿತ್ತು. ಆ ಒಂದು ಸಾಲಿನಲ್ಲಿ ಮಾತ್ರ ಅದು ಮತ್ತೆ ಏರಿ ನಿಂತಿದೆ. ಆದರೆ ಒಂದೇ ತಂತಿಯವನ ಸಾಕ್ಷಿ ಯಾರು ಕೇಳುತ್ತಾರೆ?

"ಬಿಟ್ಟುಹೋಗಿದ್ದಲ್ಲ ಯವ್ವಾ" ಎಂದಳು ನೀಲವ್ವ. "ಅಂವ ಬೇಕಂತ ಬಿಟ್ಟದ್ದು. ಹುಟ್ಟಿದಾಗಿಂದ ಅದೊಂದ ಮಾಡಿದ್ದ ತನಗಂತ."

ಮಧುಮತಿಯ ನಗು ನಿಂತಿತು. ಅವಳಿಗೆ ಏನೋ ತಪ್ಪಾಗಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಕೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ನೋಡಲು ಬಂದವರು ಗುಂಡಿ ಒತ್ತಿದರು. ಉಂಡ ತಾಟು ಒಂದ ನಮದ ಎಂದು ಪದ ಮತ್ತೆ ಮೊದಲಿನಿಂದ ಶುರುವಾಯಿತು. ನೀಲವ್ವ ಗಾಜಿನ ಮೇಲೆ ಒಮ್ಮೆ ಕೈಯಿಟ್ಟು ಹೊರಟುಹೋದಳು. ಅವಳ ಬೆರಳ ಗುರುತನ್ನು ಸಂಜೆ ಒರೆಸಿದರು.

ದಿನಕ್ಕೆ ಎಷ್ಟು ಸಲ ಒತ್ತುತ್ತಾರೋ ಲೆಕ್ಕವಿಲ್ಲ. ನನ್ನ ದುಂಡಪ್ಪ ಸತ್ತ ಮೇಲೂ ಹಿಮ್ಮೇಳದಲ್ಲೇ ನಿಂತಿದ್ದಾನೆ. ಒತ್ತಿದವರಿಗೆಲ್ಲ ಪುಂಡಲಿಕನೇ ತನ್ನ ಗೆಳೆಯನೆಂದು ಹೇಳುತ್ತಿದ್ದಾನೆ. ಹನ್ನೊಂದನೆಯ ನುಡಿಯಲ್ಲೂ ಹೇಳುತ್ತಿದ್ದಾನೆ.